ಮಗುವಿಗೆ ದೂರದ ನಾಡಿನ ಕತೆ

ನೇರಳೆ ಮರದ ಕೋತಿ, ಹೊಳೆಯ ಮೊಸಳೆ: ಈ ಕತೆಯನ್ನು ನಿಮ್ಮ ಮಗು ನಿಮ್ಮಿಂದ ಎಷ್ಟು ಸಲ ಕೇಳಿದೆಯೋ! ನಡುನೀರಿನಲ್ಲಿ ಕೋತಿ, 'ಗುಂಡಿಗೆಯನ್ನು ಮರದ ಮೇಲೆಯೇ ಬಿಟ್ಟುಬಂದೆನಲ್ಲಾ' ಎನ್ನುವ ಉಪಾಯ ಅದಕ್ಕೆ ಬಾಯಿಪಾಠ. ಇಂದು ರಾತ್ರಿ ಅದೇ ಕತೆಯನ್ನು ಬೇರೆ ನಾಡಿನಿಂದ ತಂದು ಹೇಳಿ ನೋಡಿರಿ.

ಆಫ್ರಿಕದ ಪೂರ್ವ ಕರಾವಳಿಯ ಜಾಂಜಿಬಾರಿನಲ್ಲಿ ಹೇಳುತ್ತಿದ್ದ ಸ್ವಾಹಿಲಿ ಕತೆಗಳು 1870ರಲ್ಲಿ ಅಚ್ಚಾದವು. ಅವುಗಳಲ್ಲಿಯೂ ಈ ಕೋತಿಯುಂಟು. ಆದರೆ ಮರ ಬಾಗಿರುವುದು ಕಡಲಿನ ಮೇಲೆ. ಗೆಳೆಯ ಶಾರ್ಕ್ ಮೀನು. ಗುಂಡಿಗೆ ಬೇಕಾದುದು ಹೆಂಡತಿಗಲ್ಲ, ಕಾಯಿಲೆ ಬಿದ್ದ ಸುಲ್ತಾನನಿಗೆ. ಕೊರಿಯದಲ್ಲಿ ಕಡಲ ದೊರೆಗೆ ಮದ್ದೆಂದು ಆಮೆಯು ಮೊಲವನ್ನು ಕರೆತರುತ್ತದೆ. ಅಲ್ಲಿ ಬೇಕಾದುದು ಮೊಲದ ಯಕೃತ್ತು. 1145ರ 'ಸಾಮ್‌ಗುಕ್ ಸಾಗಿ' ಎಂಬ ಚರಿತ್ರೆಯ ಗ್ರಂಥದಲ್ಲಿಯೇ ಈ ಕತೆಯ ಹಳೆಯ ರೂಪವಿದೆ. ಇಂದಿಗೂ ಒಬ್ಬ ಹಾಡುಗಾರ, ಒಬ್ಬ ವಾದ್ಯಗಾರ ಕೂಡಿ ಇದನ್ನು ಗಂಟೆಗಟ್ಟಲೆ ಹಾಡುವ ಪದ್ಧತಿ ಅಲ್ಲಿದೆ. ಜಪಾನಿನಲ್ಲಿ ಗುಟ್ಟನ್ನು ಕೋತಿಗೆ ಹೇಳಿಬಿಟ್ಟ ತಪ್ಪಿಗೆ ಲೋಳೆಮೀನು ತನ್ನ ಮೂಳೆಗಳನ್ನೇ ಕಳೆದುಕೊಳ್ಳುತ್ತದೆ!

ಮಗು ಸುಮ್ಮನಿರಲಾರದು. 'ಅಮ್ಮಾ, ತಪ್ಪು ಹೇಳಿದೆ, ಅದು ಮೊಸಳೆ!' ಎಂದೀತು. ಇಲ್ಲಿ ನೀವು ಕೊಡುವ ಉತ್ತರವೇ ಮುಖ್ಯ. 'ನಮ್ಮ ಕತೆಯನ್ನು ಅವರು ಕೆಡಿಸಿದ್ದಾರೆ' ಎಂದಿರಾದರೆ, ಸರಿಯಾದುದು ನಮ್ಮದೊಂದೇ ಎಂಬ ಪಾಠ ಆ ಕ್ಷಣದಲ್ಲೇ ಆಗಿಹೋಗುತ್ತದೆ. ಮಗುವಿನ ಹಟಕ್ಕೆ ಸೋತು ಶಾರ್ಕನ್ನು ಮೊಸಳೆ ಮಾಡಿದಿರೋ, ಅದು ಆ ಕಡಲನ್ನು ಕಾಣುವುದೇ ಇಲ್ಲ. ಅದರ ಬದಲು, 'ಆ ಊರಿನವರ ಮನೆ ಇದ್ದುದು ಹೊಳೆಯ ದಡದಲ್ಲೋ, ಕಡಲ ದಡದಲ್ಲೋ?' ಎಂದು ಕೇಳಿರಿ. ಉತ್ತರವನ್ನು ಮಗುವೇ ಹುಡುಕಿಕೊಳ್ಳುತ್ತದೆ.

ನಮ್ಮಲ್ಲಿ ಮಾತ್ರ ಕತೆ ಒಂದೇ ರೂಪದಲ್ಲಿದೆಯೆ? ಪಂಚತಂತ್ರದ ಕೋತಿಗೆ ನೇರಳೆ ಮರ. ಜಾತಕ ಕತೆಯ ಕೋತಿ ಗುಂಡಿಗೆ ತೂಗುತ್ತಿದೆಯೆಂದು ತೋರಿಸುವುದು ಅತ್ತಿ ಮರವನ್ನು. ಎಂಟನೆಯ ಶತಮಾನದಲ್ಲಿ ಪಂಚತಂತ್ರ ಅರಬ್ಬೀ ಭಾಷೆಗೆ ಹೋಯಿತು; ಆ ರೂಪದಲ್ಲಿ ಮೊಸಳೆಯ ಜಾಗದಲ್ಲಿ ಆಮೆಯಿದೆ. ಹೋದ ಹೋದ ಕಡೆ ಕತೆ ಅಲ್ಲಿನ ನೀರು ಕುಡಿದು ಬೆಳೆದಿದೆ.

ಹೇಳುವ ಕ್ರಮವೂ ಸುಲಭ. ಮೊದಲು ಮಗುವಿಗೆ ಗೊತ್ತಿರುವ ಕತೆ, ಮರುದಿನ ಅದರ ಪರದೇಶದ ನೆಂಟ. ಒಂದು ರಾತ್ರಿಗೆ ಒಂದೇ ನಾಡು ಸಾಕು. ಅಲ್ಲಿನ ಮರ, ಪ್ರಾಣಿ, ದೊರೆಗಳನ್ನು ಇದ್ದಂತೆಯೇ ಹೇಳಿರಿ. ಬೆಳಿಗ್ಗೆ ಭೂಪಟದಲ್ಲಿ ಆ ಊರನ್ನು ತೋರಿಸಿರಿ. ನಾಲ್ಕು ದಿನದ ಮೇಲೆ ಮಗುವೇ ಅಜ್ಜಿಯ ಮುಂದೆ ಕುಳಿತು, 'ಅಲ್ಲಿಯವರು ಹೀಗೆ ಹೇಳುತ್ತಾರಂತೆ, ಅಜ್ಜಿ' ಎಂದು ಆರಂಭಿಸಿದರೆ, ನಿಮ್ಮ ಶ್ರಮ ಸಾರ್ಥಕ.