ಎದೆಗಿಳಿದು ಕಂಠಕ್ಕೇರುವ ನರ

ವೈದ್ಯವಿದ್ಯೆಯ ಪ್ರಥಮ ವರ್ಷದಲ್ಲಿ ಕಲಿಯಬೇಕಾದ ಅಂಗರಚನಾಶಾಸ್ತ್ರವೆಂದರೆ 206 ಮೂಳೆಗಳನ್ನೂ ನೂರಾರು ಸ್ನಾಯುಗಳನ್ನೂ ಹೆಸರು ಹಿಡಿದು ಒಪ್ಪಿಸತಕ್ಕ ಕಂಠಪಾಠವೆಂಬ ಭಾವನೆ ಜನರಲ್ಲಿ ಬಲವಾಗಿ ಬೇರೂರಿದೆ. ಆ ಹೊರೆ ಸುಳ್ಳಲ್ಲವಾದರೂ, ಫಾರ್ಮಲಿನ್ನಿನ ಘಾಟಿಗೆ ಕಣ್ಣು ಉರಿಯುವ ಶವಚ್ಛೇದನ ಶಾಲೆಯನ್ನು ಹೊಕ್ಕು, ಯಾವನೋ ಪುಣ್ಯಾತ್ಮನು ದಾನಮಾಡಿದ ದೇಹದ ಮುಂದೆ ಚಿಮಟವನ್ನು ಹಿಡಿದು ನಿಂತ ವಿದ್ಯಾರ್ಥಿಗೆ ಮೊದಲು ತಿಳಿದುಬರುವ ಸಂಗತಿಯೇ ಬೇರೆ. ಪುಸ್ತಕದಲ್ಲಿ ಧಮನಿಗೆ ಕೆಂಪು, ಸಿರೆಗೆ ನೀಲಿ, ನರಕ್ಕೆ ಹಳದಿ. ಇಲ್ಲಿಯಾದರೋ ಸಮಸ್ತವೂ ಮಾಸಿದ ಕಂದು. ಆಗ ಬೆರಳೇ ಕಣ್ಣಾಗಬೇಕು: ಎರಡು ಬೆರಳುಗಳ ನಡುವೆ ಹೊಸೆದಾಗ ದಪ್ಪಗೋಡೆಯ ಕೊಳವೆಯೆನಿಸಿದರೆ ಧಮನಿ, ಚಪ್ಪಟೆಯಾಗಿ ಕುಸಿದರೆ ಸಿರೆ, ಟೊಳ್ಳಿಲ್ಲದ ಗಟ್ಟಿ ಹುರಿಯೆನಿಸಿದರೆ ನರ.

ಈ ವಿದ್ಯೆಗೆ ಪ್ರತ್ಯಕ್ಷವೇ ಮುಖ್ಯಪ್ರಮಾಣವೆಂಬುದನ್ನು ನಮ್ಮ ಪ್ರಾಚೀನರು ಬಲ್ಲರು. ಶವವನ್ನು ಹುಲ್ಲು ದರ್ಭೆಗಳಿಂದ ಸುತ್ತಿ, ಪಂಜರದಲ್ಲಿರಿಸಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಯಿಸಿ, ತರುವಾಯ ಲಾವಂಚ ಬಿದಿರು ಮೊದಲಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ಚರ್ಮ ಮೊದಲ್ಗೊಂಡು ಒಳಗಿನ ಅಂಗಗಳನ್ನೆಲ್ಲ ಕಣ್ಣಾರೆ ನೋಡಬೇಕೆಂದು ಸುಶ್ರುತಸಂಹಿತೆಯು ವಿಧಿಸುತ್ತದೆ. ಯುರೋಪಿನಲ್ಲಿಯೋ, ಕೋತಿ ಹಂದಿಗಳನ್ನು ಕೊಯ್ದು ಪ್ರಾಚೀನ ಗ್ರೀಕ್ ವೈದ್ಯ ಗೇಲೆನ್ ಬರೆದುದನ್ನೇ ಸುಮಾರು 1,300 ವರ್ಷಗಳ ಕಾಲ ಮನುಷ್ಯದೇಹಕ್ಕೂ ಪ್ರಮಾಣವೆಂದು ನಂಬಿದ್ದರು. ನಮ್ಮ ಕೆಳದವಡೆಯು ಎರಡು ಮೂಳೆಗಳ ಜೋಡಣೆಯಲ್ಲ, ಒಂದೇ ಮೂಳೆ ಎಂಬಷ್ಟು ಸರಳವಾದ ತಿದ್ದುಪಡಿಗೂ 1543ರಲ್ಲಿ ಅಂಗರಚನಾಶಾಸ್ತ್ರಜ್ಞ ವೆಸೇಲಿಯಸನ ಗ್ರಂಥವು ಹೊರಬರಬೇಕಾಯಿತು. 1836ರಲ್ಲಿ ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ, ಆಯುರ್ವೇದ ಪಂಡಿತರಾಗಿದ್ದ ಮಧುಸೂದನ ಗುಪ್ತರು ಸಮಾಜದ ನಿಷೇಧವನ್ನು ಮೀರಿ ಶವಕ್ಕೆ ಶಸ್ತ್ರ ತಾಗಿಸಿದುದು ಎಷ್ಟು ದೊಡ್ಡ ಧೈರ್ಯವೆಂಬುದನ್ನು ಇಂದು ಊಹಿಸುವುದೂ ಕಷ್ಟ.

ದೇಹವು ಪುಸ್ತಕದ ಚಿತ್ರಕ್ಕೆ ಸದಾ ಒಪ್ಪುವುದೂ ಇಲ್ಲ. ಹೆಬ್ಬೆರಳು ಕಿರುಬೆರಳುಗಳ ತುದಿಗಳನ್ನು ಕೂಡಿಸಿ ಮಣಿಕಟ್ಟನ್ನು ತುಸು ಒಳಕ್ಕೆ ಬಾಗಿಸಿದರೆ, ಚರ್ಮದಡಿಯಲ್ಲಿ ನಟ್ಟನಡುವೆ ಒಂದು ಹುರಿ ಎದ್ದು ಕಾಣುವುದು. ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯುವಿನ ತುದಿಯದು. ಕೆಲವರಲ್ಲಿ ಅದು ಇರುವುದೇ ಇಲ್ಲ, ಮತ್ತೆ ಕೆಲವರಲ್ಲಿ ಒಂದೇ ಕೈಯಲ್ಲಿರುವುದುಂಟು. ಇಲ್ಲದಿದ್ದರೂ ಕೈಯ ಶಕ್ತಿಗೆ ಹೇಳಿಕೊಳ್ಳುವಂಥ ಕುಂದಿಲ್ಲವಾದುದರಿಂದ, ಬೇರೆಡೆ ತುಂಡಾದ ಸ್ನಾಯುರಜ್ಜುವನ್ನು ಕೂಡಿಸಲು ಶಸ್ತ್ರವೈದ್ಯರು ಇದನ್ನು ತೆಗೆದು ಬಳಸುವರು.

ಆದರೆ ಇಡೀ ದೇಹದಲ್ಲಿ ವಿದ್ಯಾರ್ಥಿಯನ್ನು ಅತ್ಯಂತ ವಿಸ್ಮಯಗೊಳಿಸತಕ್ಕದ್ದು, ನನ್ನ ಮಟ್ಟಿಗೆ, ಧ್ವನಿಪೆಟ್ಟಿಗೆಯ ಎಡಗಡೆಯ ಒಂದು ನರ. ಅದರ ಮೂಲನರವಾದ ವೇಗಸ್ ತಲೆಬುರುಡೆಯಿಂದ ಹೊರಟು, ಕತ್ತಿನಲ್ಲಿ ಧ್ವನಿಪೆಟ್ಟಿಗೆಯ ಪಕ್ಕದಲ್ಲೇ ಹಾದುಹೋಗುವುದಾದರೂ, ಈ ಕವಲು ಅಲ್ಲಿ ಒಡೆಯದೆ, ಎದೆಗೂಡಿನೊಳಗೆ ಇಳಿದ ಮೇಲೆ ಒಡೆದು, ಹೃದಯದ ಮೇಲ್ಗಡೆ ಬಾಗಿದ ಮಹಾಧಮನಿಯ ಕಮಾನನ್ನು ಅಡಿಯಿಂದ ಬಳಸಿ, ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವಣ ಸಂದಿನಲ್ಲಿ ಶಾವಿಗೆಯ ಎಳೆಯಂತೆ ಮೇಲಕ್ಕೇರಿ ಕಂಠವನ್ನು ಮುಟ್ಟುತ್ತದೆ. ಬಲಗಡೆಯದು ಇಷ್ಟು ದೂರ ಇಳಿಯದೆ, ಕತ್ತಿನ ಬುಡದ ಧಮನಿಯನ್ನು ಸುತ್ತಿ ಹಿಂದಿರುಗುವುದು.

ಇಂಥ ಬಳಸುದಾರಿಗೆ ಕಾರಣ ಗರ್ಭದಲ್ಲಿದೆ. ಭ್ರೂಣಕ್ಕೆ ಮೊದಲಲ್ಲಿ ಕತ್ತೆಂಬುದಿಲ್ಲ. ಹೃದಯವು ತಲೆಯ ಸಮೀಪದಲ್ಲೇ ಇದ್ದು, ನರವು ಅದರ ಧಮನಿಯ ಕಮಾನಿನಡಿ ನೇರವಾಗಿ ಹಾಯುವುದು. ಕತ್ತು ಬೆಳೆದು ಹೃದಯ ಎದೆಗಿಳಿದಂತೆಲ್ಲ, ಕಮಾನಿಗೆ ಸಿಕ್ಕಿದ ನರವೂ ಕೆಳಕ್ಕೆ ಸೆಳೆಯಲ್ಪಟ್ಟು ಉದ್ದವಾಗುವುದು. ಜಿರಾಫೆಯಲ್ಲಿಯೂ ಕ್ರಮ ಇದೇ; ಅದರ ನರವು ಮೀಟರುಗಟ್ಟಲೆ ಇಳಿದು, ಮತ್ತೆ ಅಷ್ಟೇ ದೂರ ಏರಬೇಕು.

ಇದನ್ನು ಒಮ್ಮೆ ಕೈಯಾರೆ ಬಿಡಿಸಿ ನೋಡಿದವನಿಗೆ ಎದೆಯ ರೋಗವು ಕಂಠದಲ್ಲಿ ಕಾಣಿಸಿಕೊಳ್ಳುವ ಬಗೆ ವಿವರಿಸದೆಯೇ ತಿಳಿಯುವುದು. 1897ರಲ್ಲಿ ಆಸ್ಟ್ರಿಯದ ವೈದ್ಯ ನಾರ್ಬರ್ಟ್ ಆರ್ಟ್ನರ್, ಹೃದಯದ ಮೈಟ್ರಲ್ ಕವಾಟವು ಕಿರಿದಾಗಿ ಎಡ ಹೃತ್ಕರ್ಣ ಹಿಗ್ಗಿದ ರೋಗಿಗಳಲ್ಲಿ ದನಿಯೂ ಒಡೆದುದನ್ನು ವರ್ಣಿಸಿದನು. ಮಹಾಧಮನಿಗೂ ಶ್ವಾಸಕೋಶದ ಧಮನಿಗೂ ನಡುವೆ ಈ ನರ ಅದುಮಲ್ಪಡುವುದು ಅದಕ್ಕೆ ಕಾರಣ. ಶ್ವಾಸಕೋಶದ ಗಡ್ಡೆಯೂ ಇದನ್ನೇ ಮಾಡಬಲ್ಲುದು. ಆದಕಾರಣವೇ, ವಾರಗಟ್ಟಲೆ ದನಿ ಕಟ್ಟಿದ ರೋಗಿಯ ಗಂಟಲನ್ನು ಪರೀಕ್ಷಿಸಿ, ಎಡಗಡೆಯ ಧ್ವನಿತಂತು ಅಲುಗದಿರುವುದನ್ನು ಕಂಡ ವೈದ್ಯನು, ಕಂಠದಲ್ಲಿ ಬೇರಾವ ದೋಷವೂ ಕಾಣದಿದ್ದಾಗ, ಎದೆಯ ಎಕ್ಸ್-ರೇ ತೆಗೆಯಿಸಿಕೊಂಡು ಬರಹೇಳುವುದು.