ಅರ್ಧ ದಿನ ಸ್ಪ್ಯಾನಿಷ್, ಅರ್ಧ ದಿನ ಇಂಗ್ಲಿಷ್: ದ್ವಿಭಾಷಾ ಚಾರ್ಟರ್ ಶಾಲೆ ನಡೆಯುವ ಬಗೆ

ಅಮೆರಿಕದ ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ಸರ್ಕಾರದ ಖರ್ಚಿನಲ್ಲಿ ಓದುವ ಮಕ್ಕಳ ಪೈಕಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಚಾರ್ಟರ್ ಶಾಲೆಗಳಿಗೆ ಹೋಗುತ್ತಾರೆ. ಅವುಗಳಲ್ಲಿ ಕೆಲವು ಶಾಲೆಗಳು ಮೂರು ವರ್ಷದ ಮಗುವಿಗೂ ಸ್ಪ್ಯಾನಿಷ್, ಇಂಗ್ಲಿಷ್ ಎರಡರಲ್ಲೂ ಪಾಠ ಮಾಡುತ್ತವೆ. 2003ರಲ್ಲಿ ಶುರುವಾದ ಲ್ಯಾಟಿನ್ ಅಮೆರಿಕನ್ ಮಾಂಟೆಸರಿ ಬೈಲಿಂಗ್ವಲ್, 2004ರ ಡಿ.ಸಿ. ಬೈಲಿಂಗ್ವಲ್, 2011ರ ಮುಂಡೋ ವರ್ದೆ ಇಂಥ ಶಾಲೆಗಳು. ಫೀಸಿಲ್ಲ, ಪ್ರವೇಶ ಪರೀಕ್ಷೆಯಿಲ್ಲ. ಆದರೂ ಸೀಟು ಸಿಗುವುದು ಸುಲಭವಲ್ಲ.

ಇಂಥ ಶಾಲೆ ಎರಡು ಲೆಕ್ಕಗಳ ಮೇಲೆ ನಿಂತಿದೆ. ಒಂದು, ಸರ್ಕಾರದ ಜೊತೆಗಿನ ಕರಾರು. ಇನ್ನೊಂದು, ದಿನದ ಎಷ್ಟು ಹೊತ್ತು ಯಾವ ಭಾಷೆಗೆ ಎಂಬ ಹಂಚಿಕೆ. ಇವೆರಡೂ ಒಂದನ್ನೊಂದು ಹೇಗೆ ಹಿಡಿದಿವೆ, ಎಲ್ಲಿ ಜಗ್ಗಾಡುತ್ತವೆ ಎಂದು ತಿಳಿದರೆ ಶಾಲೆ ಅರ್ಥವಾದ ಹಾಗೆ.

ಕರಾರು ಮತ್ತು ಕಾಸು

ಲಾಭದ ಉದ್ದೇಶವಿಲ್ಲದ ಒಂದು ಸಂಸ್ಥೆ, ತಾನು ಎಂಥ ಶಾಲೆ ನಡೆಸುತ್ತೇನೆ, ಮಕ್ಕಳು ಏನೇನು ಕಲಿಯುತ್ತಾರೆ ಎಂದು ಅನುಮತಿ ಕೊಡುವ ಮಂಡಳಿಗೆ ಬರೆದುಕೊಡುತ್ತದೆ. ಮಂಡಳಿ ಒಪ್ಪಿದರೆ ಅದೇ ಕರಾರು, ಅಂದರೆ ಚಾರ್ಟರ್. ಈ ಬಗೆಯ ಶಾಲೆಗೆ ಮೊದಲು ಕಾನೂನು ಮಾಡಿದ್ದು ಮಿನೆಸೋಟ ರಾಜ್ಯ, 1991ರಲ್ಲಿ. ಮರುವರ್ಷವೇ ಅಲ್ಲಿನ ಸೇಂಟ್ ಪಾಲ್ ನಗರದಲ್ಲಿ ಮೊದಲ ಚಾರ್ಟರ್ ಶಾಲೆ ತೆರೆಯಿತು. ಡಿ.ಸಿ.ಯಲ್ಲಿ ಕರಾರಿನ ಅವಧಿ 15 ವರ್ಷ. ಐದು ವರ್ಷಕ್ಕೊಮ್ಮೆಯಾದರೂ ಪರಿಶೀಲನೆ ನಡೆಯಲೇಬೇಕು. ಪರಿಶೀಲಿಸುವುದು ಮೇಯರ್ ನೇಮಿಸುವ ಏಳು ಮಂದಿಯ ಮಂಡಳಿ. ಮಾತು ತಪ್ಪಿದ ಶಾಲೆಯನ್ನು ಮುಚ್ಚಿಸುವ ಅಧಿಕಾರವೂ ಅದಕ್ಕಿದೆ.

ಹಣ ಬರುವುದು ತಲೆಲೆಕ್ಕದಲ್ಲಿ. ಒಂದು ಮಗುವಿಗೆ ಇಷ್ಟು ಎಂಬ ಮೂಲ ಮೊತ್ತ ಇರುತ್ತದೆ. ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಮಗು, ವಿಶೇಷ ನೆರವು ಬೇಕಾದ ಮಗು, ತೀರಾ ಬಡತನದ ಮನೆಯ ಮಗು ಇದ್ದರೆ ಅದಕ್ಕೆ ಹೆಚ್ಚುವರಿ ಸೇರುತ್ತದೆ. ಚಾರ್ಟರ್ ಶಾಲೆ ಕಟ್ಟಡವನ್ನು ತಾನೇ ಹುಡುಕಿಕೊಳ್ಳಬೇಕಾದ್ದರಿಂದ ಡಿ.ಸಿ.ಯಲ್ಲಿ ಅದಕ್ಕೂ ತಲಾ ಒಂದು ಮೊತ್ತ ಕೊಡುತ್ತಾರೆ. ಮಕ್ಕಳು ಕಡಿಮೆಯಾದರೆ ಕಾಸೂ ಕಡಿಮೆ.

ಕರಾರಿಗೂ ಪರಿಶೀಲನೆಗೂ ಒಳಪಡುವುದಕ್ಕೆ ಬದಲಾಗಿ ಶಾಲೆಗೆ ಸಿಗುವುದು ಸ್ವಾತಂತ್ರ್ಯ. ಪಠ್ಯ, ವೇಳಾಪಟ್ಟಿ, ಶಿಕ್ಷಕರ ನೇಮಕ, ಬಜೆಟ್ ಎಲ್ಲವನ್ನೂ ಶಾಲೆಯ ಆಡಳಿತ ಮಂಡಳಿಯೇ ತೀರ್ಮಾನಿಸುತ್ತದೆ. ದ್ವಿಭಾಷಾ ಶಿಕ್ಷಣಕ್ಕೆ ಇದರಿಂದ ಒಂದು ದೊಡ್ಡ ಅನುಕೂಲವಿದೆ. ಅಮೆರಿಕದಲ್ಲಿ ಎರಡು ಭಾಷೆಯ ಪಾಠ ರಾಜಕೀಯದ ಗಾಳಿಗೆ ಸಿಕ್ಕಿದ ವಿಷಯ. ಕ್ಯಾಲಿಫೋರ್ನಿಯದ ಮತದಾರರು 1998ರಲ್ಲಿ ಅದಕ್ಕೆ ಬಿಗಿಯಾದ ಕಡಿವಾಣ ಹಾಕಿದರು. 2016ರಲ್ಲಿ ಅದೇ ರಾಜ್ಯದ ಮತದಾರರು ಆ ಕಡಿವಾಣ ತೆಗೆದರು. ಸಾಮಾನ್ಯ ಶಾಲೆಯಲ್ಲಿ ಮೇಲಧಿಕಾರಿ ಬದಲಾದರೂ ಕಾರ್ಯಕ್ರಮ ಸೊರಗಬಹುದು. ಕರಾರಿನಲ್ಲಿಯೇ ಎರಡು ಭಾಷೆಯ ಮಾತು ಸೇರಿಬಿಟ್ಟರೆ ಅದನ್ನು ಬಿಡುವುದಕ್ಕೆ ಕರಾರನ್ನೇ ತಿದ್ದಬೇಕಾಗುತ್ತದೆ.

ಸೀಟು ಲಾಟರಿಯಲ್ಲಿ

ಡಿ.ಸಿ.ಯಲ್ಲಿ ಸಾಮಾನ್ಯ ಸರ್ಕಾರಿ ಶಾಲೆಗೂ ಹೆಚ್ಚುಕಡಿಮೆ ಎಲ್ಲ ಚಾರ್ಟರ್ ಶಾಲೆಗಳಿಗೂ ಸೇರಿ ಒಂದೇ ಲಾಟರಿ. ಪೋಷಕರು ತಮಗೆ ಬೇಕಾದ 12 ಶಾಲೆಗಳವರೆಗೆ ಇಷ್ಟದ ಕ್ರಮದಲ್ಲಿ ಬರೆಯಬಹುದು. 2012ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಆಲ್ವಿನ್ ರಾತ್ ಅವರ ಕೆಲಸವೇ ಯಾರಿಗೆ ಯಾವ ಸೀಟು ಎಂದು ಹಂಚುವ ಲೆಕ್ಕಾಚಾರಕ್ಕೆ ಆಧಾರ. ಇದರಲ್ಲಿ ಜಾಣತನ ಮಾಡಲು ಹೋಗಿ ಸೀಟು ಸುಲಭವಾಗಿ ಸಿಗುವ ಶಾಲೆಯನ್ನು ಮೇಲೆ ಬರೆದರೆ ಲಾಭವೇನಿಲ್ಲ. ನಿಜವಾಗಿ ಬೇಕಾದದ್ದನ್ನೇ ಮೇಲೆ ಬರೆಯುವುದು ಒಳ್ಳೆಯದು. ಅಣ್ಣನೋ ಅಕ್ಕನೋ ಅದೇ ಶಾಲೆಯಲ್ಲಿದ್ದರೆ ಆದ್ಯತೆ ಸಿಗುತ್ತದೆ. ಉಳಿದವರು ವೇಯ್ಟಿಂಗ್ ಲಿಸ್ಟ್‌ನಲ್ಲಿ ಕಾಯಬೇಕು.

ಇಲ್ಲೇ ಮೊದಲ ಜಗ್ಗಾಟ. ತರಗತಿಯಲ್ಲಿ ಅರ್ಧ ಮಕ್ಕಳು ಸ್ಪ್ಯಾನಿಷ್ ಮನೆಗಳಿಂದ, ಅರ್ಧ ಇಂಗ್ಲಿಷ್ ಮನೆಗಳಿಂದ ಬಂದರೆ ಒಬ್ಬರಿಂದ ಒಬ್ಬರು ಕಲಿಯುತ್ತಾರೆ. 1963ರಲ್ಲಿ ಮಯಾಮಿಯ ಕೋರಲ್ ವೇ ಶಾಲೆ ಕ್ಯೂಬಾದಿಂದ ವಲಸೆ ಬಂದವರ ಮಕ್ಕಳನ್ನೂ ಸ್ಥಳೀಯ ಮಕ್ಕಳನ್ನೂ ಹೀಗೆ ಜೊತೆಗೆ ಕೂರಿಸಿತು. ಇಂದಿನ ಮಾದರಿಯ ಮೂಲ ಅಲ್ಲಿದೆ. ಆದರೆ ಚಾರ್ಟರ್ ಕಾನೂನುಗಳು ಸಾಮಾನ್ಯವಾಗಿ ಮಕ್ಕಳನ್ನು ಪರೀಕ್ಷಿಸಿ ಆರಿಸಲು ಬಿಡುವುದಿಲ್ಲ, ಲಾಟರಿಗೆ ಭಾಷೆ ಕಾಣುವುದಿಲ್ಲ. ಡಿ.ಸಿ.ಯ ಕೊಲಂಬಿಯಾ ಹೈಟ್ಸ್, ಮೌಂಟ್ ಪ್ಲೆಸೆಂಟ್ ಕಡೆ 1980ರ ದಶಕದಲ್ಲಿ ಎಲ್ ಸಾಲ್ವಡಾರ್‌ನ ಅಂತರ್ಯುದ್ಧದಿಂದ ಓಡಿಬಂದ ಕುಟುಂಬಗಳು ನೆಲೆಸಿದವು. ಬರಬರುತ್ತಾ ಅಲ್ಲಿ ಬಾಡಿಗೆ ಏರಿತು. ಉಳ್ಳವರ ಮನೆಯ ಮಕ್ಕಳೇ ಇಂಥ ಸೀಟುಗಳಿಗೆ ಹೆಚ್ಚು ಅರ್ಜಿ ಹಾಕಿದರೆ ಯಾರಿಗಾಗಿ ಈ ಪಾಠ ಶುರುವಾಯಿತೋ ಅವರೇ ಹೊರಗುಳಿಯುವ ಅಪಾಯವಿದೆ. ಸ್ಟ್ಯಾನ್‌ಫರ್ಡ್‌ನ ವಿದ್ವಾಂಸೆ ಗ್ವಾಡಲೂಪೆ ವಾಲ್ಡೆಸ್ 1997ರಲ್ಲೇ ಇಂಥ ಎಚ್ಚರಿಕೆ ಕೊಟ್ಟಿದ್ದರು.

ದಿನವನ್ನು ಹಂಚುವ ಬಗೆ

ಮುಖ್ಯವಾಗಿ ಎರಡು ಮಾದರಿಗಳಿವೆ. ತೊಂಬತ್ತು-ಹತ್ತರ ಮಾದರಿಯಲ್ಲಿ ಕಿಂಡರ್‌ಗಾರ್ಟನ್ ಮಗುವಿಗೆ ದಿನದ ನೂರಕ್ಕೆ 90 ಭಾಗ ಸ್ಪ್ಯಾನಿಷ್, 10 ಭಾಗ ಇಂಗ್ಲಿಷ್. ವರ್ಷ ಕಳೆದಂತೆ ಇಂಗ್ಲಿಷ್ ಪಾಲು ಬೆಳೆದು ನಾಲ್ಕನೇ ಅಥವಾ ಐದನೇ ತರಗತಿಗೆ ಎರಡೂ ಸಮವಾಗುತ್ತವೆ. ಐವತ್ತು-ಐವತ್ತರ ಮಾದರಿಯಲ್ಲಿ ಮೊದಲ ದಿನದಿಂದಲೇ ಸಮಪಾಲು. ಕೆಲವು ಕಡೆ ಬೆಳಿಗ್ಗೆ ಒಂದು ಭಾಷೆ, ಮಧ್ಯಾಹ್ನ ಇನ್ನೊಂದು. ಕೆಲವು ಕಡೆ ದಿನ ಬಿಟ್ಟು ದಿನ. ಎರಡು ತರಗತಿಗಳಿಗೆ ಇಬ್ಬರು ಟೀಚರ್ ಇದ್ದು, ಒಬ್ಬರು ಸ್ಪ್ಯಾನಿಷ್‌ನಲ್ಲೇ, ಇನ್ನೊಬ್ಬರು ಇಂಗ್ಲಿಷ್‌ನಲ್ಲೇ ಕಲಿಸುವ ಜೋಡಿ ಏರ್ಪಾಡು ಹೆಚ್ಚು ರೂಢಿಯಲ್ಲಿದೆ. ಹೊತ್ತಾದಾಗ ಮಕ್ಕಳು ಕೋಣೆ ಬದಲಿಸುತ್ತಾರೆ. ಟೆಕ್ಸಾಸ್‌ನ ಗೋಮೆಸ್ ಮಾದರಿ ವಿಷಯವಾರು ಹಂಚುತ್ತದೆ: ಗಣಿತ ಇಂಗ್ಲಿಷ್‌ನಲ್ಲಿ, ವಿಜ್ಞಾನ ಮತ್ತು ಸಮಾಜ ಸ್ಪ್ಯಾನಿಷ್‌ನಲ್ಲಿ.

ಚಿಕ್ಕ ಮಕ್ಕಳಿಗೆ ಸ್ಪ್ಯಾನಿಷ್ ಹೆಚ್ಚು ಏಕೆ? ಬೀದಿ, ಟಿ.ವಿ., ಆಟದ ಬಯಲು ಎಲ್ಲ ಇಂಗ್ಲಿಷ್. ಅದನ್ನು ಶಾಲೆ ಕಾಯಬೇಕಾಗಿಲ್ಲ, ಕಾಯಬೇಕಾದದ್ದು ಸ್ಪ್ಯಾನಿಷ್ ಅನ್ನು. ಸ್ಪ್ಯಾನಿಷ್ ಮನೆಯ ಮಕ್ಕಳೂ ಒಂದೆರಡು ವರ್ಷದಲ್ಲಿ ತಮ್ಮತಮ್ಮಲ್ಲಿ ಇಂಗ್ಲಿಷ್‌ಗೆ ಜಾರುತ್ತಾರೆ. ಹಾಗಾಗಿ ಟೀಚರ್ ಸ್ಪ್ಯಾನಿಷ್ ಹೊತ್ತಿನಲ್ಲಿ ಇಂಗ್ಲಿಷ್ ಬೆರೆಸದೆ ಬಿಗಿ ಹಿಡಿಯುತ್ತಾರೆ. ಹೇಳಿದ್ದನ್ನೇ ಇನ್ನೊಂದು ಭಾಷೆಯಲ್ಲಿ ತಿರುಗಿ ಹೇಳಿದರೆ, ಮಗು ಅರ್ಥವಾಗುವ ಭಾಷೆಗೆ ಕಾದು ಕೂರುತ್ತದೆ. ಕರ್ನಾಟಕದ ಸರ್ಕಾರಿ ಶಾಲೆಗಳ ಇಂಗ್ಲಿಷ್ ಮಾಧ್ಯಮ ವಿಭಾಗಗಳಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಜೊತೆಗಿಟ್ಟ ದ್ವಿಭಾಷಾ ಪಠ್ಯಪುಸ್ತಕ ಬಳಕೆಗೆ ಬಂದಿದೆ. ಅಮೆರಿಕದ ಈ ಶಾಲೆಗಳ ಪದ್ಧತಿ ಬೇರೆ: ನಿನ್ನೆ ಸ್ಪ್ಯಾನಿಷ್‌ನಲ್ಲಿ ಮಾಡಿದ ಪಾಠವನ್ನು ಇಂದು ಇಂಗ್ಲಿಷ್‌ನಲ್ಲಿ ಮತ್ತೆ ಮಾಡುವುದಿಲ್ಲ, ಅಲ್ಲಿಂದ ಮುಂದುವರಿಸುತ್ತಾರೆ. ಭಿನ್ನರಾಶಿಯನ್ನು ಮಗು ಒಂದು ಭಾಷೆಯಲ್ಲಿ ತಿಳಿದರೆ ಸಾಕು. ಇನ್ನೊಂದರಲ್ಲಿ ಬೇಕಾಗುವುದು ಅದರ ಪದಗಳಷ್ಟೇ.

ಗೊತ್ತಿಲ್ಲದ ಭಾಷೆಯಲ್ಲಿ ಪಾಠ

ಮೊದಲ ತಿಂಗಳುಗಳಲ್ಲಿ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ, ಇಲ್ಲವೇ ಸ್ಪ್ಯಾನಿಷ್ ಪ್ರಶ್ನೆಗೆ ಇಂಗ್ಲಿಷ್‌ನಲ್ಲಿ ಉತ್ತರ ಕೊಡುತ್ತಾರೆ. ಟೀಚರ್ ಗಾಬರಿಯಾಗುವುದಿಲ್ಲ. ಚಿತ್ರ, ಅಭಿನಯ, ಹಾಡು, ದಿನವೂ ಒಂದೇ ಕ್ರಮದಲ್ಲಿ ಬರುವ ಕೆಲಸಗಳಿಂದ ಅರ್ಥ ಮಾಡಿಸುತ್ತಾರೆ. "ನನಗೆ ಹೀಗನ್ನಿಸುತ್ತದೆ, ಏಕೆಂದರೆ..." ಎಂಬಂಥ ಅರ್ಧ ವಾಕ್ಯಗಳನ್ನು ಗೋಡೆಗೆ ಅಂಟಿಸಿ ಮಗುವಿನಿಂದ ಪೂರ್ತಿ ಮಾಡಿಸುತ್ತಾರೆ. ಸ್ಪ್ಯಾನಿಷ್ ಚೆನ್ನಾಗಿ ಬಲ್ಲ ಮಗುವಿನ ಪಕ್ಕ ಇಂಗ್ಲಿಷ್ ಬಲ್ಲ ಮಗುವನ್ನು ಕೂರಿಸುತ್ತಾರೆ. ಬೆಳಿಗ್ಗೆ ಪಕ್ಕದ ಮಗುವಿಗೆ ಕಲಿಸಿದ ಮಗು ಮಧ್ಯಾಹ್ನ ಅದರಿಂದಲೇ ಕೇಳಿ ತಿಳಿಯಬೇಕಾಗುತ್ತದೆ.

ಓದು ಕಲಿಸುವ ದಾರಿ ಕನ್ನಡಿಗರಿಗೆ ಬೇಗ ಹಿಡಿಸುತ್ತದೆ. ಸ್ಪ್ಯಾನಿಷ್‌ನಲ್ಲಿ ಸ್ವರಗಳು ಐದೇ, ಬರೆದಂತೆ ಓದಿದರೆ ಬಹುಪಾಲು ಸರಿ. ಮ, ಮೆ, ಮಿ, ಮೊ, ಮು ಎಂದು ನಮ್ಮ ಕಾಗುಣಿತದ ಹಾಗೆಯೇ ಕಲಿಸುತ್ತಾರೆ. ಇಂಗ್ಲಿಷ್ ಕಾಗುಣಿತದ ಗೋಜಲಿಗೆ ಹೋಲಿಸಿದರೆ ಇಲ್ಲಿ ಓದು ಬೇಗ ಬರುತ್ತದೆ. ಅಕ್ಷರಕ್ಕೂ ಸದ್ದಿಗೂ ನಂಟಿದೆ ಎಂಬುದು ಒಮ್ಮೆ ತಿಳಿದರೆ ಇಂಗ್ಲಿಷ್ ಓದುವಾಗಲೂ ಅದು ಕೆಲಸಕ್ಕೆ ಬರುತ್ತದೆ.

ಇಂಥ ಟೀಚರ್ ಸಿಗುವುದೇ ಕಷ್ಟ. ಸ್ಪ್ಯಾನಿಷ್‌ನಲ್ಲಿ ಮಾತಾಡಿದರೆ ಸಾಲದು, ವಿಜ್ಞಾನವನ್ನೂ ಗಣಿತವನ್ನೂ ಅದರಲ್ಲಿ ಕಲಿಸಬೇಕು. ಅನೇಕ ಶಾಲೆಗಳು ಸ್ಪೇನ್, ಲ್ಯಾಟಿನ್ ಅಮೆರಿಕದ ದೇಶಗಳಿಂದ ವಿನಿಮಯ ವೀಸಾದ ಮೇಲೆ ಶಿಕ್ಷಕರನ್ನು ಕರೆಸುತ್ತವೆ. ಆ ವೀಸಾ ಮೂರು ವರ್ಷಕ್ಕೆ. ಹೆಚ್ಚೆಂದರೆ ಇನ್ನೆರಡು ವರ್ಷ ಮುಂದುವರಿಯಬಹುದು. ಶಾಲೆಗೆ ಒಗ್ಗಿಕೊಂಡ ಹೊತ್ತಿಗೆ ಅವರು ಊರಿಗೆ ಹೊರಡಬೇಕು.

ಅಳತೆ ಒಂದೇ ಭಾಷೆಯಲ್ಲಿ

ಎರಡನೇ ಜಗ್ಗಾಟ ಪರೀಕ್ಷೆಯದು. ಕೇಂದ್ರ ಕಾನೂನಿನ ಪ್ರಕಾರ ಮೂರರಿಂದ ಎಂಟನೇ ತರಗತಿವರೆಗೆ ಪ್ರತಿವರ್ಷ ಓದು ಮತ್ತು ಗಣಿತದ ಪರೀಕ್ಷೆ ನಡೆಯಬೇಕು. ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೆ ಅದರಲ್ಲಿನ ಪ್ರಗತಿ ಅಳೆಯುವ ಇನ್ನೊಂದು ಪರೀಕ್ಷೆ. ಓದಿನ ಅಂಕ ಎಣಿಸುವುದು ಇಂಗ್ಲಿಷ್‌ನಲ್ಲಿ. ಶಾಲೆ ಅರ್ಧ ದಿನ ಬೆವರು ಸುರಿಸುವ ಸ್ಪ್ಯಾನಿಷ್ ಓದು ಅದರಲ್ಲಿ ಕಾಣಿಸುವುದಿಲ್ಲ. ಅದರ ಲೆಕ್ಕವನ್ನು ಶಾಲೆಯೇ ಬೇರೆ ಪರೀಕ್ಷೆ ತಂದು ಇಡಬೇಕು. ಕರಾರಿನ ಪರಿಶೀಲನೆ ಹತ್ತಿರ ಬಂದು ಮೂರನೇ ತರಗತಿಯ ಅಂಕ ತಗ್ಗಿದಾಗ, ಸ್ಪ್ಯಾನಿಷ್ ಹೊತ್ತಿನಿಂದ ಅರ್ಧ ಗಂಟೆ ಕಿತ್ತು ಇಂಗ್ಲಿಷ್‌ಗೆ ಕೊಡುವ ಆಸೆ ಯಾವ ಮುಖ್ಯೋಪಾಧ್ಯಾಯರಿಗೂ ಆಗಬಹುದು.

ಆದರೆ ಫಲ ತಡವಾಗಿ ಬರುತ್ತದೆ ಎನ್ನುವುದಕ್ಕೆ ಪುರಾವೆಯಿದೆ. ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್‌ನ ಸರ್ಕಾರಿ ಶಾಲೆಗಳಲ್ಲಿ ಲಾಟರಿಯಲ್ಲಿ ದ್ವಿಭಾಷಾ ಸೀಟು ಗೆದ್ದವರನ್ನೂ ಸೋತವರನ್ನೂ ಹೋಲಿಸಿದ ಅಧ್ಯಯನವನ್ನು ರ‍್ಯಾಂಡ್ ಸಂಸ್ಥೆ 2015ರಲ್ಲಿ ಪ್ರಕಟಿಸಿತು. ಗೆದ್ದವರು ಐದನೇ ತರಗತಿಯಲ್ಲಿ ಇಂಗ್ಲಿಷ್ ಓದಿನಲ್ಲಿ ಸುಮಾರು ಏಳು ತಿಂಗಳು, ಎಂಟನೇ ತರಗತಿಯಲ್ಲಿ ಸುಮಾರು ಒಂಬತ್ತು ತಿಂಗಳು ಮುಂದಿದ್ದರು. ಗಣಿತದಲ್ಲಿ ಲಾಭವೂ ಕಾಣಲಿಲ್ಲ, ನಷ್ಟವೂ ಕಾಣಲಿಲ್ಲ.

ಸೇರಿಸುವ ಮುನ್ನ

ಅಮೆರಿಕದಲ್ಲಿರುವ ಕನ್ನಡ ಕುಟುಂಬವೊಂದು ಇಂಥ ಶಾಲೆಗೆ ಅರ್ಜಿ ಹಾಕಿದರೆ ಮಗುವಿಗೆ ಸ್ಪ್ಯಾನಿಷ್ ಮೂರನೆಯ ಭಾಷೆ. ಕನ್ನಡಕ್ಕೆ ಮನೆ ಮತ್ತು ವಾರಾಂತ್ಯದ ಕನ್ನಡ ಶಾಲೆಯೇ ಗತಿ. ಯಾರೇ ಆಗಲಿ, ಶಾಲೆ ನೋಡಲು ಹೋದಾಗ ಇಷ್ಟು ಕೇಳಿ ತಿಳಿಯುವುದು ಒಳ್ಳೆಯದು:

- ಯಾವ ತರಗತಿಯಲ್ಲಿ, ಯಾವ ವಿಷಯ, ಎಷ್ಟು ಗಂಟೆ ಸ್ಪ್ಯಾನಿಷ್‌ನಲ್ಲಿ ನಡೆಯುತ್ತದೆ? ಮೂರನೇ ತರಗತಿಯ ನಂತರ ಅದು ಇಳಿಯುತ್ತದೆಯೇ?
- ಸ್ಪ್ಯಾನಿಷ್ ಮನೆಗಳಿಂದ ಬರುವ ಮಕ್ಕಳೆಷ್ಟು?
- ಸ್ಪ್ಯಾನಿಷ್ ಓದು, ಬರಹವನ್ನು ಹೇಗೆ ಅಳೆಯುತ್ತಾರೆ, ಫಲಿತಾಂಶ ತೋರಿಸುತ್ತಾರೆಯೇ?
- ಕರಾರಿನ ಮುಂದಿನ ಪರಿಶೀಲನೆ ಯಾವಾಗ? ಹಿಂದಿನದರಲ್ಲಿ ಮಂಡಳಿ ಏನು ಹೇಳಿತ್ತು?
- ಐದನೇ ತರಗತಿ ಮುಗಿದ ಮೇಲೆ ಸ್ಪ್ಯಾನಿಷ್ ಮುಂದುವರಿಸುವ ಶಾಲೆ ಇದೆಯೇ?

ಮೊದಲ ಪ್ರಶ್ನೆಗೆ ಶಾಲೆ ಗಂಟೆಗಳ ಲೆಕ್ಕ ಕೊಡದೆ, ಎರಡೂ ಭಾಷೆ ಕಲಿಸುತ್ತೇವೆ ಎಂದು ತೇಲಿಸಿದರೆ ಎಚ್ಚರ ವಹಿಸಿ. ವಾರಕ್ಕೆರಡು ಪಿರಿಯಡ್ ಸ್ಪ್ಯಾನಿಷ್ ಹೇಳಿಕೊಡುವ ಶಾಲೆಗಳು ಬೇಕಾದಷ್ಟಿವೆ. ಅದಕ್ಕಾಗಿ ಲಾಟರಿಯಲ್ಲಿ ಕಾಯಬೇಕಾಗಿಲ್ಲ.