ಅನುದಾನ ಬರಲೆಂದು ನಾನು ಕಾದೆ, ಅಜ್ಜ ಕಾಯಲಿಲ್ಲ

ನರಸಿಂಹರಾಜಪುರದಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಒಬ್ಬ ಅಜ್ಜ ಇದ್ದರು. ತರೀಕೆರೆಯಿಂದ ನಮ್ಮೂರಿಗೆ ಕಾಡಿನ ನಡುವೆ ಟ್ರಾಮ್ ಓಡುತ್ತಿದ್ದ ಕಾಲದ ಕಥೆಗಳನ್ನು ತಮ್ಮ ಅಪ್ಪನಿಂದ ಕೇಳಿಸಿಕೊಂಡವರು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದಾಗ ಅವರ ಊರು ಹಿನ್ನೀರಿನಲ್ಲಿ ಮುಳುಗಿತ್ತು. ಜಗಲಿಯಲ್ಲಿ ಕೂತು, ಮುಳುಗಿದ ಗದ್ದೆಗಳ ಹೆಸರನ್ನು ಒಂದೊಂದಾಗಿ ಹೇಳುತ್ತಿದ್ದರು. ಇತಿಹಾಸದಲ್ಲಿ ಎಂ.ಎ. ಮುಗಿಸಿ ಕೆಲಸ ಹುಡುಕುತ್ತ ಮನೆಯಲ್ಲಿದ್ದ ನನಗೆ ಇದನ್ನೆಲ್ಲ ದಾಖಲಿಸಬೇಕು ಅನ್ನಿಸಿತು.

‘ಅಜ್ಜ, ಒಂದು ಅನುದಾನಕ್ಕೆ ಅರ್ಜಿ ಹಾಕ್ತಿದ್ದೀನಿ. ದುಡ್ಡು ಬಂದ್ಮೇಲೆ ಒಳ್ಳೇ ಕ್ಯಾಮೆರಾ ತಂದು ರೆಕಾರ್ಡ್ ಮಾಡೋಣ’ ಎಂದೆ.

‘ಆಯ್ತು ಮಾರಾಯ್ತಿ, ನಾನೆಲ್ಲಿಗೆ ಹೋಗ್ತೀನಿ’ ಎಂದರು.

ಅರ್ಜಿ ತಿರಸ್ಕೃತವಾಯಿತು. ಅದೇ ಮಳೆಗಾಲದಲ್ಲಿ ಅಜ್ಜನೂ ತೀರಿಕೊಂಡರು. ನನ್ನ ಬಳಿ ಉಳಿದದ್ದು ಅವರು ಅಡಿಕೆ ಸುಲಿಯುತ್ತಿದ್ದಾಗ ತೆಗೆದ ಒಂದು ಫೋಟೊ ಮಾತ್ರ. ಆ ಫೋಟೊ ತೆಗೆದ ಮೊಬೈಲಿನಲ್ಲೇ ರೆಕಾರ್ಡರ್ ಇತ್ತು. ಅದನ್ನು ಒತ್ತಲು ಯಾರ ಅನುದಾನವೂ ಬೇಕಿರಲಿಲ್ಲ.

ಹಾಗಂತ ದುಡ್ಡು ಮುಖ್ಯವಲ್ಲ ಎಂದು ನಾನು ಹೇಳುವುದಿಲ್ಲ. ನಮ್ಮ ಸೀಮೆಯ ಇತಿಹಾಸದಲ್ಲಿ ಉಳಿದುಕೊಂಡಿದ್ದು ಬಹುಪಾಲು ಯಾರೋ ಖರ್ಚು ಕೊಟ್ಟು ಉಳಿಸಿದ್ದು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಕಡೂರು ಜಿಲ್ಲೆಯ ಸಂಪುಟ 1901ರಲ್ಲಿ ಅಚ್ಚಾಯಿತು. ಕೊಪ್ಪ, ಶೃಂಗೇರಿ ಕಡೆಯ ಶಾಸನಗಳನ್ನು ಇಂದಿಗೂ ಓದಲು ಸಾಧ್ಯವಾಗಿರುವುದು ಅದರಿಂದ. ಶೃಂಗೇರಿ ಮಠಕ್ಕೆ ಟಿಪ್ಪು ಸುಲ್ತಾನ್ ಬರೆದ ಕನ್ನಡದ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಆರ್. ನರಸಿಂಹಾಚಾರ್. ಇಬ್ಬರೂ ಮೈಸೂರು ಸರ್ಕಾರದ ಪುರಾತತ್ವ ಇಲಾಖೆಯಲ್ಲಿ ಸಂಬಳ ಪಡೆಯುತ್ತಿದ್ದ ಅಧಿಕಾರಿಗಳು. ಕಲ್ಲಿನ ಮೇಲಿನ ಅಕ್ಷರಕ್ಕೆ, ಮಠದ ಕಡತಕ್ಕೆ ಹೀಗೆ ಯಾರೋ ಖರ್ಚು ಮಾಡಿದರು. ನಮ್ಮ ಅಜ್ಜ-ಅಜ್ಜಿಯರ ನೆನಪಿಗೆ ಖರ್ಚು ಕೊಡುವವರು ಯಾರು?

ಹುಡುಕಿದಾಗ, ದಾರಿಗಳು ನಾನು ಅಂದುಕೊಂಡಷ್ಟು ಕಡಿಮೆಯೇನೂ ಇಲ್ಲ ಎಂದು ಗೊತ್ತಾಯಿತು. ಕೇಂದ್ರ ಸಂಸ್ಕೃತಿ ಸಚಿವಾಲಯದ ಜೂನಿಯರ್ ಫೆಲೋಶಿಪ್ 25ರಿಂದ 40 ವರ್ಷದವರಿಗೆ ಇದೆ. ತಿಂಗಳಿಗೆ 10,000 ರೂಪಾಯಿಯಂತೆ 2 ವರ್ಷ ಕೊಡುತ್ತಾರೆ. ಸಂಗೀತ, ರಂಗಭೂಮಿ, ಜಾನಪದ ಕಲೆಗಳಲ್ಲಿ ಹೆಚ್ಚಿನ ತರಬೇತಿ ಪಡೆಯುವ 18ರಿಂದ 25 ವರ್ಷದವರಿಗೆ ತಿಂಗಳಿಗೆ 5,000 ರೂಪಾಯಿಯ ವಿದ್ಯಾರ್ಥಿವೇತನವಿದೆ. ಬೆಂಗಳೂರಿನಲ್ಲಿರುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1995ರಿಂದ ಅನುದಾನ ಕೊಡುತ್ತಿದೆ. ಅದರ ‘ಕಲಿ-ಕಲಿಸು’ ಯೋಜನೆಯಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರು ಊರಿನ ಕಲೆ, ಕಥೆಗಳನ್ನು ಪಾಠದೊಳಕ್ಕೆ ತಂದಿದ್ದಾರೆ. ನ್ಯಾಷನಲ್ ಬುಕ್ ಟ್ರಸ್ಟ್ ಮೂಲಕ ನಡೆಯುವ ಪಿಎಂ-ಯುವ ಯೋಜನೆ 2021ರಲ್ಲಿ ಶುರುವಾದಾಗ 30 ವರ್ಷದೊಳಗಿನ 75 ಬರಹಗಾರರಿಗೆ ತಿಂಗಳಿಗೆ 50,000 ರೂಪಾಯಿಯಂತೆ 6 ತಿಂಗಳು ಕೊಟ್ಟಿತು. ಕನ್ನಡದಲ್ಲೂ ಬರೆಯಬಹುದಿತ್ತು. ಮೊದಲ ಪುಸ್ತಕ ಬರೆದ ಯುವಕರಿಗೆ ನಮ್ಮ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವೂ ಇದೆ. ಗುಂಪಾಗಿ ಕೆಲಸ ಮಾಡುವುದಾದರೆ ಕನಿಷ್ಠ 7 ಜನ ಸೇರಿ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ನೋಂದಾಯಿಸಿಕೊಳ್ಳಬಹುದು. ಆಮೇಲೆ ವರ್ಷ ವರ್ಷವೂ ಲೆಕ್ಕಪತ್ರ ಸರಿಯಾಗಿಡಬೇಕು.

ಹಾಗಾದರೆ ನನ್ನ ಅರ್ಜಿ ಬಿದ್ದುಹೋದದ್ದೇಕೆ? ಒಂದು ವರ್ಷದ ನಂತರ ಅದನ್ನು ಮತ್ತೆ ತೆಗೆದು ಓದಿದೆ. ಶೀರ್ಷಿಕೆ ‘ಮಲೆನಾಡಿನ ಸಂಸ್ಕೃತಿಯ ಅಧ್ಯಯನ ಮತ್ತು ಸಂರಕ್ಷಣೆ’ ಎಂದಿತ್ತು. ಐದು ಪುಟಗಳಲ್ಲಿ ಅಜ್ಜನ ಸುಳಿವೇ ಇರಲಿಲ್ಲ. ‘ಶ್ರೀಮಂತ ಪರಂಪರೆ’ ಎಂಬ ಮಾತು ಆರು ಸಲ ಬಂದಿತ್ತು. ಖರ್ಚಿನ ಪಟ್ಟಿಯಲ್ಲಿ ಮುಕ್ಕಾಲು ಪಾಲು ಕ್ಯಾಮೆರಾ ಮತ್ತು ಲ್ಯಾಪ್‌ಟಾಪಿಗೇ ಹೋಗಿತ್ತು. ಆಯ್ಕೆ ಸಮಿತಿಯಲ್ಲಿ ನಾನಿದ್ದರೂ ಅದನ್ನು ಪಕ್ಕಕ್ಕಿಡುತ್ತಿದ್ದೆ. ನಾನು ವಿಷಯ ಬರೆದಿದ್ದೆ, ಪ್ರಶ್ನೆ ಕೇಳಿರಲಿಲ್ಲ.

ಈ ಸಲ ಮೊದಲು ಕೆಲಸ, ಆಮೇಲೆ ಅರ್ಜಿ ಎಂದು ತೀರ್ಮಾನಿಸಿದೆ. ಕೊಪ್ಪದ ಗೆಳತಿಯೊಬ್ಬಳು, ಶೃಂಗೇರಿ ಕಡೆಯ ಶಾಲಾ ಶಿಕ್ಷಕರೊಬ್ಬರು ಜೊತೆಯಾದರು. ಮುಳುಗಿದ ಊರುಗಳಲ್ಲಿ ಹುಟ್ಟಿ ಕೊಪ್ಪ, ಶೃಂಗೇರಿ ಕಡೆಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಹುಡುಕಿದೆವು. ಅವರೆಲ್ಲ ಈಗ ಮೊಮ್ಮಕ್ಕಳನ್ನು ಕಂಡ ಅಜ್ಜಿಯರು. ಗಂಡಸರಿಗೆ ಮುಳುಗಿದ್ದು ಜಮೀನು. ಇವರಿಗೆ ಮುಳುಗಿದ್ದು ತವರು. ಬಾಣಂತನಕ್ಕೆ, ಹಬ್ಬಕ್ಕೆ ಹೋಗಲು ಅದೇ ಮನೆ, ಅದೇ ಅಂಗಳ ಉಳಿದಿರಲಿಲ್ಲ. ನಮ್ಮ ಪ್ರಶ್ನೆ ಇಷ್ಟೇ: ತವರೂರೇ ಇಲ್ಲವಾದ ಮೇಲೆ ಅಲ್ಲಿಯ ಗದ್ದೆ, ಹಳ್ಳ, ಮರಗಳ ಯಾವ ಹೆಸರುಗಳು ಇವರ ನೆನಪಿನಲ್ಲಿ ಉಳಿದಿವೆ?

ಶೃಂಗೇರಿ ಸಮೀಪದ ಒಬ್ಬ ಅಜ್ಜಿ ಎರಡು ತಾಸು ಮಾತಾಡಿದರು. ನಡುವೆ ನೆಲದ ಮೇಲೆ ಬೆರಳಾಡಿಸಿ ‘ಇಲ್ಲಿ ಕಣ, ಇಲ್ಲಿ ನಮ್ಮ ಬಾವಿ’ ಎಂದು ಊರನ್ನೇ ಬರೆದರು. ಎದುರು ಕೂತಿದ್ದ ಮೊಮ್ಮಗಳು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಳು. ಅಜ್ಜಿಯ ತವರಿನ ಹೆಸರು ಅವಳಿಗೆ ಅದುವರೆಗೆ ಗೊತ್ತೇ ಇರಲಿಲ್ಲವಂತೆ.

ಹೊರಡುವಾಗ ಅಜ್ಜಿ ಕೇಳಿದರು: ‘ಇದಕ್ಕೆ ನಿಂಗೆ ಎಷ್ಟು ಸಿಗ್ತದೆ?’

‘ಈಗ ಏನೂ ಇಲ್ಲ ಅಜ್ಜಿ.’

‘ಹಂಗಾದ್ರೆ ಉಂಡ್ಕೊಂಡೇ ಹೋಗು.’

ಎರಡನೇ ಅರ್ಜಿ ಎರಡು ಪುಟ ಇದೆ. ಜೊತೆಗೆ ಆ ಅಜ್ಜಿಯ ಧ್ವನಿಯ ಮೂರು ನಿಮಿಷ, ಮೊಮ್ಮಗಳು ಬರೆದ ನಕ್ಷೆ. ಇಬ್ಬರ ಒಪ್ಪಿಗೆ ಪಡೆದೇ ಸೇರಿಸಿದೆವು. ಖರ್ಚಿನ ಪಟ್ಟಿಯಲ್ಲಿ ಬಸ್ ಚಾರ್ಜು, ಕೇಳಿ ಬರೆದುಕೊಳ್ಳುವವರ ಕೂಲಿ, ಒಂದು ದಿನದ ಕೆಲಸ ಬಿಟ್ಟು ಮಾತಾಡುವವರಿಗೆ ಗೌರವಧನ, ಪ್ರತಿ ಮನೆಗೂ ಮರಳಿ ಕೊಡುವ ಪುಸ್ತಿಕೆಯ ಮುದ್ರಣ ಇವೆ. ಫಲಿತಾಂಶ ಇನ್ನೂ ಬಂದಿಲ್ಲ.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು ಮುಚ್ಚುಮರೆಯಿಲ್ಲದೆ ಹೇಳಬೇಕು. ಅನುದಾನ ಎಂದರೆ ನೌಕರಿ ಅಲ್ಲ. ತಿಂಗಳಿಗೆ 10,000 ರೂಪಾಯಿಯಲ್ಲಿ ಮನೆ ನಡೆಯುವುದಿಲ್ಲ, ಅದೂ ಕಂತಿನಲ್ಲಿ ಬರುತ್ತದೆ. ನಾನು ಬೆಳಿಗ್ಗೆ-ಸಂಜೆ ಟ್ಯೂಷನ್ ಮಾಡುತ್ತೇನೆ, ಪರೀಕ್ಷೆಗೂ ಓದುತ್ತೇನೆ. ಇಂಥ ದುಡ್ಡನ್ನೇ ನಂಬಿ ಕೂರುವಂತೆಯೂ ಇಲ್ಲ. ಅಮೆರಿಕದಲ್ಲಿ ಊರೂರಿನ ಇತಿಹಾಸ, ಸಾಹಿತ್ಯದ ಕೆಲಸಕ್ಕೆ ಹಣ ಕೊಡಲೆಂದೇ 1965ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆಯೊಂದಿದೆ. 2025ರ ಏಪ್ರಿಲ್‌ನಲ್ಲಿ ಅದು ತಾನೇ ಮಂಜೂರು ಮಾಡಿದ್ದ ಅನುದಾನಗಳನ್ನು ದೊಡ್ಡ ಸಂಖ್ಯೆಯಲ್ಲಿ ಏಕಾಏಕಿ ರದ್ದು ಮಾಡಿತು. ಅಲ್ಲೇ ಹಾಗಾದರೆ ನಮ್ಮ ಪಾಡೇನು?

ಆದರೂ ಅರ್ಜಿ ಹಾಕಿ. ನೆನಪನ್ನು ಕೇಳಿಸಿಕೊಳ್ಳುವುದೂ ಕೂಲಿ ಕೊಡಬೇಕಾದ ಕೆಲಸ ಎಂದು ಯಾರಾದರೂ ಕೇಳುತ್ತಲೇ ಇರಬೇಕು. ಆದರೆ ಅರ್ಜಿ ಹಾಕುವ ಮೊದಲು, ಇವತ್ತು ಸಂಜೆಯೇ, ಪಕ್ಕದ ಮನೆಯ ಜಗಲಿಗೆ ಹೋಗಿ ಮೊಬೈಲಿನ ರೆಕಾರ್ಡರ್ ಒತ್ತಿ. ನಾವು ಇದುವರೆಗೆ ಒಂಬತ್ತು ಅಜ್ಜಿಯರ ಮಾತು ಹಿಡಿದಿದ್ದೇವೆ. ಹತ್ತನೆಯವರು ಕೊಪ್ಪದಲ್ಲಿದ್ದಾರೆ. ಬರುವ ಭಾನುವಾರ ಮೊದಲ ಬಸ್ಸಿಗೇ ಹೋಗುತ್ತಿದ್ದೇವೆ.